ನಿರಾಕರಣೆಯೂ ನಿರ್ಣಯವೇ? ಗೋಕಾಕದ ಒಂದು ಮೊಕದ್ದಮೆಯನ್ನು ನಿಮಿತ್ತವಾಗಿಟ್ಟುಕೊಂಡು ಕೆಲವು ವಿಚಾರಗಳು

ನ್ಯಾಯಾಲಯಗಳ ಕಾಗದಪತ್ರಗಳನ್ನು ಇತಿಹಾಸದ ಆಧಾರಗಳಾಗಿ ಬಳಸುವ ಪದ್ಧತಿಯು ನಮ್ಮ ವಿಭಾಗಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ವತನ, ಇನಾಮು, ದತ್ತಕ, ಗೇಣಿ, ಗಿರಣಿ ಕಾರ್ಮಿಕರ ಬಾಳುವೆ, ಇವುಗಳಲ್ಲಿ ಯಾವುದನ್ನು ಕುರಿತು ಬರೆಯಹೊರಟರೂ ತೀರ್ಪುಗಳ ನೆರವಿಲ್ಲದೆ ಮುಂದುವರಿಯುವುದು ಕಷ್ಟ. ಆದರೆ ಈ ಆಧಾರಗಳನ್ನು ಬಳಸುವಲ್ಲಿ ಒಂದು ದೋಷವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಕೆಳಗಿನ ನ್ಯಾಯಾಲಯವು ಒಂದು ನಿರ್ಣಯವನ್ನು ಕೊಟ್ಟಿರುತ್ತದೆ. ಸೋತ ಪಕ್ಷದವರು ಉಚ್ಚ ನ್ಯಾಯಾಲಯಕ್ಕೆ ಹೋಗಿರುತ್ತಾರೆ. ಉಚ್ಚ ನ್ಯಾಯಾಲಯವು ಅದರಲ್ಲಿ ಕೈ ಹಾಕಲು ಒಪ್ಪಿರುವುದಿಲ್ಲ. ಇಷ್ಟನ್ನು ಓದಿದ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ, ಕೆಳಗಿನ ತೀರ್ಪನ್ನು ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು ಎಂದು ಬರೆಯುತ್ತಾನೆ. ಅಧ್ಯಾಪಕರಾದ ನಾವೂ ಅದನ್ನು ತಿದ್ದದೆ ಬಿಟ್ಟುಬಿಡುತ್ತೇವೆ. ಕೈ ಹಾಕದಿರುವುದೂ ಎತ್ತಿಹಿಡಿಯುವುದೂ ಒಂದೇ ಅಲ್ಲ. ಇವೆರಡರ ನಡುವಣ ಅಂತರವನ್ನು ಗಮನಿಸದಿದ್ದರೆ ಪ್ರಾಂತದ ಇತಿಹಾಸದಲ್ಲಿ ಎಂತಹ ತಪ್ಪುಗಳು ನುಸುಳುತ್ತವೆ ಎಂಬುದನ್ನು ಘಟಪ್ರಭೆಯ ದಂಡೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಉದಾಹರಣೆಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನ್ಯಾಯಾಲಯಗಳ ಶ್ರೇಣಿಯನ್ನು ನೆನೆಯಬೇಕು. ೧೮೬೨ರಲ್ಲಿ ಸ್ಥಾಪಿತವಾದ ಮುಂಬಯಿ ಉಚ್ಚ ನ್ಯಾಯಾಲಯವೇ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಗೆ ಉಚ್ಚ ನ್ಯಾಯಾಲಯವಾಗಿದ್ದಿತು. ಆ ವರ್ಷದ ನವೆಂಬರ್ ೧ರಿಂದ ಆ ಸ್ಥಾನವು ಬೆಂಗಳೂರಿನ ಮೈಸೂರು ಉಚ್ಚ ನ್ಯಾಯಾಲಯಕ್ಕೆ ಬಂದಿತು. ೧೯೭೩ರಲ್ಲಿ ರಾಜ್ಯದ ಹೆಸರಿನೊಂದಿಗೆ ಅದರ ಹೆಸರೂ ಕರ್ನಾಟಕವೆಂದಾಯಿತು. ೨೦೦೮ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠವು ಆರಂಭವಾಗಿ, ೨೦೧೩ರಲ್ಲಿ ಕಾಯಂ ಪೀಠವಾಯಿತು. ಎಂದರೆ ಹುಕ್ಕೇರಿಯ ಒಬ್ಬ ರೈತನು ತನ್ನ ದಾವೆಯನ್ನು ಮೇಲಕ್ಕೆ ಒಯ್ಯಬೇಕಾದರೆ ಒಂದು ಕಾಲಕ್ಕೆ ಮುಂಬಯಿಗೂ, ಅನಂತರ ಅರ್ಧ ಶತಮಾನ ಬೆಂಗಳೂರಿಗೂ ನಡೆಯಬೇಕಾಗಿದ್ದಿತು. ಮೇಲಿನ ನ್ಯಾಯಾಲಯವು ನಿರಾಕರಿಸಿದ ಮೊಕದ್ದಮೆಗಳ ಹಿಂದೆ, ಅಲ್ಲಿಯವರೆಗೆ ಹೋಗಲಾರದೇ ಉಳಿದ ಮೊಕದ್ದಮೆಗಳ ದೊಡ್ಡ ರಾಶಿಯೇ ಇದೆ ಎಂಬುದನ್ನು ಸಂಶೋಧಕನು ಮರೆಯಬಾರದು.

ಇನ್ನು ನಿರಾಕರಣೆಯ ಸ್ವರೂಪವನ್ನು ನೋಡೋಣ. ಅಪೀಲು ಬೇರೆ, ವಕೀಲರ ಮಾತಿನಲ್ಲಿ ರಿವಿಜನ್ ಎನಿಸಿಕೊಳ್ಳುವ ಪುನರೀಕ್ಷಣೆ ಬೇರೆ. ಮೊದಲ ಅಪೀಲಿನಲ್ಲಿ ಮೇಲಿನ ನ್ಯಾಯಾಲಯವು ಸಾಕ್ಷ್ಯವನ್ನೆಲ್ಲ ತಾನೇ ತೂಗಿ ನೋಡುತ್ತದೆ. ಕೆಳಗಿನ ನ್ಯಾಯಾಧೀಶನು ಕಂಡದ್ದು ಸರಿಯೇ ತಪ್ಪೇ ಎಂದು ಹೇಳುವುದು ಅದರ ಕರ್ತವ್ಯ. ಪುನರೀಕ್ಷಣೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆ. ೧೯೦೮ರ ದಿವಾಣಿ ಪ್ರಕ್ರಿಯಾ ಸಂಹಿತೆಯ ೧೧೫ನೆಯ ಕಲಮಿನ ಪ್ರಕಾರ, ಕೆಳಗಿನ ನ್ಯಾಯಾಲಯವು ತನಗಿಲ್ಲದ ಅಧಿಕಾರವನ್ನು ಚಲಾಯಿಸಿತೇ, ಇದ್ದ ಅಧಿಕಾರವನ್ನು ಚಲಾಯಿಸದೆ ಬಿಟ್ಟಿತೇ, ಅಥವಾ ಚಲಾಯಿಸುವಾಗ ಕಾನೂನುಬಾಹಿರವಾಗಿ ಇಲ್ಲವೆ ಗಂಭೀರ ಕ್ರಮದೋಷದಿಂದ ನಡೆದುಕೊಂಡಿತೇ ಎಂಬಿಷ್ಟನ್ನೇ ನೋಡತಕ್ಕದ್ದು. ಈ ಸಂಹಿತೆಗಿಂತ ಹಿಂದೆಯೇ, ೧೮೮೪ರಲ್ಲಿ, ಅಮೀರ್ ಹಸನ್ ಖಾನನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ಈ ತತ್ತ್ವವನ್ನು ಗಟ್ಟಿಗೊಳಿಸಿದ್ದಿತು. ನಿರ್ಣಯಿಸುವ ಅಧಿಕಾರವುಳ್ಳ ನ್ಯಾಯಾಲಯವು ತಪ್ಪಾಗಿ ನಿರ್ಣಯಿಸಿದರೂ, ಅಷ್ಟರಿಂದಲೇ ಅದು ಅಧಿಕಾರವನ್ನು ಮೀರಿದಂತಾಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ತಪ್ಪು ಮಾಡುವ ಅಧಿಕಾರವೂ ಅಧಿಕಾರದ ಒಂದು ಭಾಗವೇ ಎಂದಂತಾಯಿತು. ೨೦೦೨ರ ಜುಲೈಯಿಂದ ಜಾರಿಗೆ ಬಂದ ತಿದ್ದುಪಡಿಯು ಈ ಇಕ್ಕಟ್ಟಾದ ಬಾಗಿಲನ್ನು ಇನ್ನಷ್ಟು ಇಕ್ಕಟ್ಟು ಮಾಡಿದೆ.

ಆದುದರಿಂದ ಪುನರೀಕ್ಷಣೆಯ ಅರ್ಜಿಯನ್ನು ವಜಾ ಮಾಡಿದ ಉಚ್ಚ ನ್ಯಾಯಾಲಯವು ಹೇಳುವುದು ಬಹುಮಟ್ಟಿಗೆ ಇಷ್ಟೇ: ಈ ತೀರ್ಪು ಸರಿಯಿರಲಿ ತಪ್ಪಿರಲಿ, ನಾವು ಕೈ ಹಾಕುವಂತಹ ದೋಷ ಇದರಲ್ಲಿಲ್ಲ. ಇದನ್ನು ಒಪ್ಪಿಗೆ ಎಂದು ಓದುವವನು, ಹೊಲದ ಬದುವಿನ ಮೇಲೆ ನಿಂತು ಸುಮ್ಮನೆ ನೋಡಿದವನನ್ನು ಬಿತ್ತಿದವನೆಂದು ಬಗೆದಂತೆ.

ಹಾಗೆಂದು ಪುನರೀಕ್ಷಣೆಯ ಅಧಿಕಾರವು ಬರಿಯ ಹೆಸರಿಗೆ ಇದ್ದುದೆಂದು ತಿಳಿಯಬಾರದು. ಬೆಳಗಾವಿಗೆ ಸಂಬಂಧಿಸಿದ ಸುಪ್ರಸಿದ್ಧ ದೃಷ್ಟಾಂತವೊಂದು ನಮ್ಮ ಮುಂದಿದೆ. ೧೯೧೬ರ ಮೇ ೧ರಂದು ಬಾಲ ಗಂಗಾಧರ ಟಿಳಕರು ಬೆಳಗಾವಿಯಲ್ಲಿ ಸ್ವರಾಜ್ಯವನ್ನು ಕುರಿತು ಭಾಷಣ ಮಾಡಿದರು. ಅದೇ ತಿಂಗಳ ಕೊನೆಯಲ್ಲಿ ಮತ್ತು ಜೂನ್ ೧ರಂದು ಅಹಮದನಗರದಲ್ಲಿ ಮಾತನಾಡಿದರು. ಈ ಮೂರು ಭಾಷಣಗಳು ರಾಜದ್ರೋಹಕರವಾದುವೆಂದು ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು ಫೌಜದಾರಿ ಸಂಹಿತೆಯ ೧೦೮ನೆಯ ಕಲಮಿನ ಮೇರೆಗೆ ೨೦,೦೦೦ ರೂಪಾಯಿಗಳ ಮುಚ್ಚಳಿಕೆಯನ್ನೂ ಜಾಮೀನುಗಳನ್ನೂ ಕೇಳಿ ಆಜ್ಞೆ ಮಾಡಿದರು. ಆ ಆಜ್ಞೆಯ ವಿರುದ್ಧ ಪುನರೀಕ್ಷಣೆಯ ಅರ್ಜಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಬಂದಾಗ, ನ್ಯಾಯಮೂರ್ತಿಗಳಾದ ಬ್ಯಾಚೆಲರ್ ಮತ್ತು ಶಾಹ ಅವರು ಭಾಷಣಗಳನ್ನು ಇಡಿಯಾಗಿ ಓದಿ, ೧೯೧೬ರ ನವೆಂಬರ್ ೯ರಂದು ಅದನ್ನು ರದ್ದು ಮಾಡಿದರು. ಮನಸ್ಸಿದ್ದರೆ ಮತ್ತು ಪ್ರಶ್ನೆ ದೊಡ್ಡದೆಂದು ತೋರಿದರೆ ಉಚ್ಚ ನ್ಯಾಯಾಲಯವು ಪುನರೀಕ್ಷಣೆಯಲ್ಲಿಯೂ ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಈ ಸಾಕ್ಷಿಯಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಟಿಳಕರ ಪರವಾಗಿ ಮಹಮ್ಮದಲಿ ಜಿನ್ನಾರಂತಹ ಬ್ಯಾರಿಸ್ಟರರು ನಿಂತಿದ್ದರು. ದೇಶವೆಲ್ಲ ಆ ಮೊಕದ್ದಮೆಯನ್ನು ನೋಡುತ್ತಿದ್ದಿತು. ಅದೇ ೧೦೮ನೆಯ ಕಲಮಿನ ಕೆಳಗೆ ಹೆಸರಿಲ್ಲದ ಒಬ್ಬ ಹಳ್ಳಿಯ ಭಾಷಣಕಾರನು ಅರ್ಜಿ ಹಾಕಿ ನಿರಾಕೃತನಾಗಿದ್ದರೆ, ಆತನ ಮಾತು ರಾಜದ್ರೋಹವೆಂದು ಉಚ್ಚ ನ್ಯಾಯಾಲಯವು ನಿರ್ಣಯಿಸಿತು ಎಂದು ನಾವು ಬರೆಯಬಹುದೇ? ಬರೆಯಲಾಗದೆಂಬುದೇ ನಮ್ಮ ಮತ.

ಈಗ ಗೋಕಾಕದ ಮೊಕದ್ದಮೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಒಂಬತ್ತನೆಯ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿಯು ಹುಟ್ಟಿತು. ನೀರಿನ ಬಲವನ್ನು ನಂಬಿ ಊರಿನಿಂದ ದೂರ, ಜಲಪಾತದ ಪಕ್ಕದಲ್ಲಿ ನೆಲೆಗೊಂಡ ಗಿರಣಿಯಾದುದರಿಂದ ಕೆಲಸದವರಿಗೆ ಮನೆಗಳನ್ನೂ ಕಂಪನಿಯೇ ಕಟ್ಟಿಸಿಕೊಡುವುದು ಅನಿವಾರ್ಯವಾಯಿತು. ಕೆಲಸವೂ ಮನೆಯೂ ಒಬ್ಬನೇ ಧಣಿಯಿಂದ ಬಂದಾಗ, ಕೆಲಸ ಮುಗಿದ ದಿನ ಮನೆಯೂ ಹೋಗುತ್ತದೆ. ಗೋಕಾಕ ಪಟೇಲ್ ವೋಲ್ಕಾರ್ಟ್ ಕಂಪನಿಯು ತನ್ನ ಮಾಜಿ ನೌಕರರಲ್ಲಿ ಕೆಲವರು ಸೇವೆ ಮುಗಿದ ಮೇಲೂ ಕಂಪನಿಯ ಮನೆಗಳನ್ನು ಬಿಟ್ಟುಕೊಡಲಿಲ್ಲವೆಂದು, ೧೯೫೬ರ ಕಂಪನಿಗಳ ಕಾಯಿದೆಯ ೬೩೦ನೆಯ ಕಲಮಿನ ಕೆಳಗೆ ಗೋಕಾಕದ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದು ಹಾಕಿತು.

ಆ ಕಲಮಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ಕಂಪನಿಯ ಸ್ವತ್ತನ್ನು ಅನ್ಯಾಯವಾಗಿ ಪಡೆದುಕೊಳ್ಳುವುದೂ, ನ್ಯಾಯವಾಗಿ ಪಡೆದುದನ್ನು ಅನ್ಯಾಯವಾಗಿ ಇಟ್ಟುಕೊಳ್ಳುವುದೂ ಅದರಲ್ಲಿ ಅಪರಾಧಗಳು. ಮೊದಲ ಶಿಕ್ಷೆಯು ದಂಡ ಮಾತ್ರ. ಸ್ವತ್ತನ್ನು ಗೊತ್ತುಪಡಿಸಿದ ಕಾಲದೊಳಗೆ ಬಿಟ್ಟುಕೊಡಬೇಕೆಂದು ನ್ಯಾಯಾಲಯವು ಆಜ್ಞೆ ಮಾಡಿ, ಅದಕ್ಕೆ ತಪ್ಪಿದರೆ ಎರಡು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. ೧೯೭೩ರ ಫೌಜದಾರಿ ಸಂಹಿತೆಯ ೪೬೮ನೆಯ ಕಲಮಿನಂತೆ, ದಂಡವೊಂದೇ ಶಿಕ್ಷೆಯಾಗಿರುವ ಅಪರಾಧಕ್ಕೆ ಕಾಲಮಿತಿ ಆರು ತಿಂಗಳು. ನೌಕರನು ಮನೆ ಬಿಡಬೇಕಾಗಿದ್ದ ದಿನದಿಂದ ಆರು ತಿಂಗಳು ಕಳೆದರೆ ಫಿರ್ಯಾದು ನಿಲ್ಲುವುದೇ? ಅಥವಾ ಮನೆಯಲ್ಲಿದ್ದಷ್ಟು ದಿನವೂ ಅಪರಾಧವು ಹೊಸದಾಗಿ ನಡೆಯುತ್ತಲೇ ಇದೆಯೇ? ಮೊಕದ್ದಮೆಯ ತಿರುಳು ಇದೇ ಆಗಿದ್ದಿತು. ಕಾಲಮಿತಿ ಮೀರಿದೆಯೆಂದು ಗೋಕಾಕದ ಮ್ಯಾಜಿಸ್ಟ್ರೇಟರು ನೌಕರರ ಪರವಾಗಿ ನಿರ್ಣಯ ಕೊಟ್ಟರು. ಕಂಪನಿಯು ಮೇಲಕ್ಕೆ ಹೋದಾಗ ಕರ್ನಾಟಕ ಉಚ್ಚ ನ್ಯಾಯಾಲಯವು ಆ ನಿರ್ಣಯವನ್ನು ಬದಲಿಸಲು ಒಪ್ಪಲಿಲ್ಲ. ಕಂಪನಿಯು ಅಲ್ಲಿಗೂ ನಿಲ್ಲದೆ ದೆಹಲಿಗೆ ಹೋಯಿತು. ೧೯೯೧ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನ್ಯಾಯವಾಗಿ ಇಟ್ಟುಕೊಳ್ಳುವುದು ಒಮ್ಮೆಗೇ ಮುಗಿದುಹೋಗುವ ಅಪರಾಧವಲ್ಲ, ಸ್ವತ್ತನ್ನು ಬಿಟ್ಟುಕೊಡುವವರೆಗೂ ಮುಂದುವರಿಯುವ ಅಪರಾಧ, ಆದುದರಿಂದ ಕಾಲಮಿತಿಯ ಅಡ್ಡಿಯಿಲ್ಲ ಎಂದು ತೀರ್ಮಾನಿಸಿ, ಕೆಳಗಿನ ನಿರ್ಣಯಗಳನ್ನು ತಳ್ಳಿಹಾಕಿತು.

ಕಂಪನಿಯು ಬೆಂಗಳೂರಿನಲ್ಲಿಯೇ ನಿಂತುಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಆಲೋಚಿಸಬೇಕು. ನಮ್ಮ ಜಿಲ್ಲೆಯ ಇತಿಹಾಸಕಾರನು, ಮನೆ ಬಿಡದ ನೌಕರನ ಮೇಲೆ ಆರು ತಿಂಗಳ ಅನಂತರ ಫಿರ್ಯಾದು ಸಲ್ಲದೆಂಬುದು ನೆಲದ ಕಾನೂನಾಗಿದ್ದಿತೆಂದು ಬರೆದುಬಿಡುತ್ತಿದ್ದನು. ಕಂಪನಿಯ ಮನೆಗಳಲ್ಲಿದ್ದ ಕಾರ್ಮಿಕರಿಗೆ ಕಾನೂನಿನ ಭದ್ರವಾದ ಆಸರೆಯಿದ್ದಿತೆಂದೂ ಸೇರಿಸುತ್ತಿದ್ದನು. ಎರಡೂ ತಪ್ಪಾಗುತ್ತಿದ್ದವು. ಗೋಕಾಕದ ನಿರ್ಣಯವು ಉಳಿದಿದ್ದುದು ತನ್ನ ಸತ್ತ್ವದಿಂದಲೋ, ಮುಂದಿನ ಮೆಟ್ಟಿಲನ್ನು ಯಾರೂ ಹತ್ತದಿದ್ದುದರಿಂದಲೋ ಎಂಬುದನ್ನು ನಿರಾಕರಣೆಯ ಆಜ್ಞೆಯೊಂದರಿಂದಲೇ ಹೇಳಲು ಬರುವುದಿಲ್ಲ. ಹತ್ತಬಲ್ಲವನು ಹತ್ತುತ್ತಾನೆ, ಈ ಮೊಕದ್ದಮೆಯಲ್ಲಿ ಹತ್ತಬಲ್ಲವರು ಕಂಪನಿಯವರಾಗಿದ್ದರು. ಪಕ್ಷಗಳು ಅದಲುಬದಲಾಗಿ, ಬೆಂಗಳೂರಿನಲ್ಲಿ ಸೋತವರು ನೌಕರರಾಗಿದ್ದರೆ, ಈ ಪ್ರಶ್ನೆ ಗೋಕಾಕದಿಂದ ದೆಹಲಿಯವರೆಗೆ ಹೋಗುತ್ತಿತ್ತೆಂದು ನಂಬುವುದು ಕಷ್ಟ.

೧೯೯೧ರ ತೀರ್ಪನ್ನು ಕುರಿತೂ ಒಂದು ಮಾತು ಹೇಳಬೇಕಾಗಿದೆ. ಮುಂದುವರಿಯುವ ಅಪರಾಧವೆಂಬ ಕಲ್ಪನೆಗೆ ಅದರ ಹಿಂದೆ ಒಂದು ಇತಿಹಾಸವಿದೆ. ಗಣಿಯ ವಾರ್ಷಿಕ ವರದಿಯನ್ನು ಗೊತ್ತಾದ ದಿನದೊಳಗೆ ಸಲ್ಲಿಸದಿರುವುದು ಆ ದಿನಕ್ಕೇ ಮುಗಿದ ಅಪರಾಧವೆಂದು ದೇವಕರಣ್ ನೇನ್ಸಿಯ ಮೊಕದ್ದಮೆಯಲ್ಲಿ ೧೯೭೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದಿತು. ಭಗೀರಥ ಕನೋರಿಯಾ ಮೊಕದ್ದಮೆಯಲ್ಲಿ, ೧೯೮೪ರಲ್ಲಿ, ಮಾಲೀಕನು ಭವಿಷ್ಯ ನಿಧಿಗೆ ತನ್ನ ಪಾಲನ್ನು ಕಟ್ಟದಿರುವುದು ಮುಂದುವರಿಯುವ ಅಪರಾಧವೆಂದು ಅದೇ ನ್ಯಾಯಾಲಯವು ಹೇಳಿತು. ಕಾರ್ಮಿಕನ ಹಣವನ್ನು ತಡೆಹಿಡಿದ ಧಣಿಯು ಕಾಲಮಿತಿಯ ಮರೆಯಲ್ಲಿ ಅಡಗಬಾರದೆಂಬುದು ಅಲ್ಲಿಯ ಆಶಯ. ೧೯೮೭ರಲ್ಲಿ ಬಲದೇವ ಕೃಷ್ಣ ಸಾಹಿಯ ಮೊಕದ್ದಮೆಯಲ್ಲಿ, ೬೩೦ನೆಯ ಕಲಮು ಮಾಜಿ ನೌಕರರಿಗೂ ಅನ್ವಯಿಸುತ್ತದೆಂದು ನಿರ್ಣಯವಾಯಿತು. ಇವುಗಳ ಬೆನ್ನಿಗೆ ಗೋಕಾಕದ ಮೊಕದ್ದಮೆ ಬಂದಿತು. ಏಳು ವರ್ಷಗಳ ಅಂತರದಲ್ಲಿ ಒಂದೇ ತತ್ತ್ವವು ಧಣಿಯ ವಿರುದ್ಧ ಕಾರ್ಮಿಕನಿಗೂ, ಕಾರ್ಮಿಕನ ವಿರುದ್ಧ ಧಣಿಗೂ ಒದಗಿಬಂದಿತು. ತರ್ಕದ ದೃಷ್ಟಿಯಿಂದ ತೀರ್ಪು ಸಮರ್ಪಕವೆಂದೇ ನಮಗೆ ತೋರುತ್ತದೆ. ಪಡೆಯುವುದು ಒಂದು ಕ್ಷಣದ ಕೃತ್ಯ, ಇಟ್ಟುಕೊಳ್ಳುವುದು ಕಾಲವನ್ನು ವ್ಯಾಪಿಸಿದ ಕೃತ್ಯ ಎಂಬ ವಿವೇಚನೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ತಡೆದಿಟ್ಟ ಹಣವೂ ತಡೆದಿಟ್ಟ ಮನೆಯೂ ಒಂದೇ ತೂಕದ ವಸ್ತುಗಳೇ ಎಂಬ ಪ್ರಶ್ನೆಯನ್ನು ಕಾಲಮಿತಿಯ ವಾದವು ಎತ್ತುವುದೇ ಇಲ್ಲ. ಸೇವೆ ಹೇಗೆ ಮುಗಿಯಿತು, ಬರಬೇಕಾದ ಹಣ ಬಂದಿದ್ದಿತೇ, ಹೋಗಲು ಬೇರೆ ಸೂರು ಇದ್ದಿತೇ ಎಂಬುದನ್ನು ಅರಸುವವನು ವರದಿಯಾದ ತೀರ್ಪಿನಲ್ಲಿ ಅಲ್ಲ, ಗೋಕಾಕದ ಮೂಲ ಕಡತದಲ್ಲಿ ಅರಸಬೇಕು. ೨೦೧೩ರ ಕಂಪನಿಗಳ ಕಾಯಿದೆಯಲ್ಲಿ ಹಳೆಯ ೬೩೦ರ ಜಾಗಕ್ಕೆ ೪೫೨ನೆಯ ಕಲಮು ಬಂದಿದೆ. ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಾಲಮಿತಿಯ ಕಲಮು ೫೧೪ ಆಗಿದೆ. ಅಂಕಿಗಳು ಬದಲಾದುವೇ ಹೊರತು ಪ್ರಶ್ನೆ ಬದಲಾಗಿಲ್ಲ.

ಫೌಜದಾರಿ ಮೊಕದ್ದಮೆಯಿಂದ ಭೂಮಿಯ ಕಡೆಗೆ ತಿರುಗಿದರೆ ನಿರಾಕರಣೆಯ ಇನ್ನೊಂದು ಮುಖ ಕಾಣುತ್ತದೆ. ಭೂಸುಧಾರಣೆಯ ಕಾಯಿದೆಗೆ ಆದ, ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ತಿದ್ದುಪಡಿಯಿಂದ ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಬಂದುವು. ಗೇಣಿದಾರರ ಅಧಿಭೋಗದ ಹಕ್ಕನ್ನು ಅವುಗಳೇ ನಿರ್ಣಯಿಸಬೇಕಾಗಿದ್ದಿತು. ೪೮-ಎ ಕಲಮಿನ ಕೆಳಗಿನ ಅವುಗಳ ನಿರ್ಣಯವು ಅಂತಿಮವೆಂದು ಕಾಯಿದೆಯೇ ಹೇಳಿದ್ದಿತು. ಅಪೀಲು ಇಲ್ಲದ ಆ ವರ್ಷಗಳಲ್ಲಿ ಸೋತ ಗೇಣಿದಾರನಿಗಾಗಲಿ ಒಡೆಯನಿಗಾಗಲಿ ಉಳಿದ ದಾರಿ, ಸಂವಿಧಾನದ ೨೨೬ ಮತ್ತು ೨೨೭ನೆಯ ಅನುಚ್ಛೇದಗಳ ಕೆಳಗೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕುವುದೊಂದೇ. ಇಂದು ಪ್ರತ್ಯೇಕ ತಾಲೂಕಾಗಿರುವ ಮೂಡಲಗಿಯು ಆಗ ಗೋಕಾಕ ತಾಲೂಕಿನಲ್ಲಿಯೇ ಇದ್ದುದರಿಂದ, ಅದರ ಹಳ್ಳಿಗಳ ಪ್ರಕರಣಗಳನ್ನು ಗೋಕಾಕದ ಹೆಸರಿನಲ್ಲಿಯೇ ಹುಡುಕಬೇಕಾಗುತ್ತದೆ. ಇಂತಹ ಅರ್ಜಿಗಳಲ್ಲಿ ಉಚ್ಚ ನ್ಯಾಯಾಲಯವು ಯಾವ ಮಿತಿಯೊಳಗೆ ನಡೆಯಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ಸಯ್ಯದ್ ಯಾಕೂಬನ ಮೊಕದ್ದಮೆಯಲ್ಲಿ ಮೊದಲೇ ಹೇಳಿದ್ದಿತು: ದಾಖಲೆಯ ಮೇಲೆ ಎದ್ದು ಕಾಣುವ ಕಾನೂನಿನ ತಪ್ಪನ್ನು ತಿದ್ದಬಹುದು, ಸಂಗತಿಯ ನಿರ್ಣಯವನ್ನು, ಅದು ತಪ್ಪೆಂದು ತೋರಿದರೂ, ಅಪೀಲಿನಲ್ಲಿಯಂತೆ ಮತ್ತೆ ತೂಗುವಂತಿಲ್ಲ. ಯಾರು ಉಳುತ್ತಿದ್ದರು ಎಂಬುದು ಸಂಗತಿಯ ಪ್ರಶ್ನೆ. ಆದುದರಿಂದ ರಿಟ್ ಅರ್ಜಿ ವಜಾ ಆದ ಕಡತವನ್ನು ನೋಡಿ, ಇಂಥವನೇ ಆ ಹೊಲವನ್ನು ಉಳುತ್ತಿದ್ದನೆಂದು ಉಚ್ಚ ನ್ಯಾಯಾಲಯವು ಕಂಡುಕೊಂಡಿತು ಎಂದು ಬರೆಯುವುದು ಅಸಂಗತ. ಉಚ್ಚ ನ್ಯಾಯಾಲಯವು ಆ ಹೊಲದ ಕಡೆಗೆ ನೋಡಿಯೇ ಇರಲಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯನ್ನು ಹುಕ್ಕೇರಿಯಿಂದ ತೆಗೆದುಕೊಳ್ಳಬಹುದು. ಹಿಡಕಲ್ ಜಲಾಶಯಕ್ಕಾಗಿ ಆ ತಾಲೂಕಿನ ಭೂಮಿಯು ಸ್ವಾಧೀನವಾದುದನ್ನು ಎಲ್ಲರೂ ಬಲ್ಲರು; ನೀರು ಇಳಿದ ಬೇಸಗೆಯಲ್ಲಿ ಹುನ್ನೂರಿನ ವಿಠ್ಠಲ ದೇವಾಲಯವು ಇಂದಿಗೂ ತಲೆಯೆತ್ತಿ ಕಾಣುತ್ತದೆ. ೧೮೯೪ರ ಭೂಸ್ವಾಧೀನ ಕಾಯಿದೆಯಲ್ಲಿ ಪರಿಹಾರ ಸಾಲದೆಂದವನು ೧೮ನೆಯ ಕಲಮಿನಂತೆ ದಿವಾಣಿ ನ್ಯಾಯಾಲಯದ ನಿರ್ಣಯವನ್ನು ಕೇಳಬಹುದಾಗಿದ್ದಿತು. ಅದರ ಮೇಲೆ ೫೪ನೆಯ ಕಲಮಿನಂತೆ ಅಪೀಲು ಇದ್ದಿತು. ಇಲ್ಲಿ ಉಚ್ಚ ನ್ಯಾಯಾಲಯವು ಸಾಕ್ಷ್ಯವನ್ನು ತಾನೇ ತೂಗಬೇಕು. ಇಂತಹ ಅಪೀಲು ವಿಚಾರಣೆಯಾಗಿ ವಜಾ ಆದರೆ, ಎಕರೆಯ ಬೆಲೆಯನ್ನು ಕುರಿತು ಉಚ್ಚ ನ್ಯಾಯಾಲಯವು ಕೆಳಗಿನವರ ಮತವನ್ನು ಒಪ್ಪಿತೆಂದು ಧೈರ್ಯವಾಗಿ ಬರೆಯಬಹುದು. ಮೂರು ತಾಲೂಕುಗಳ ಮೂರು ಕಡತಗಳ ಕೊನೆಯಲ್ಲಿಯೂ ವಜಾ ಎಂಬ ಒಂದೇ ಶಬ್ದವಿರಬಹುದು. ಶಬ್ದ ಒಂದೇ ಆದರೂ ಅದರ ಪ್ರಮಾಣಬಲ ಮೂರು ಬಗೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ನಿರಾಕರಣೆಗೆ ಇಷ್ಟು ಅಲ್ಪ ಬೆಲೆ ಕಟ್ಟುವುದು ಸರಿಯೇ? ಕಾನೂನೇ ಅದಕ್ಕೆ ಹೆಚ್ಚಿನ ಬಲವನ್ನು ಕೊಟ್ಟಿಲ್ಲವೇ? ಕೊಟ್ಟಿದೆ, ಕೆಲವೆಡೆ. ಶಂಕರ ರಾಮಚಂದ್ರ ಅಭ್ಯಂಕರರ ಮೊಕದ್ದಮೆಯಲ್ಲಿ, ಪುನರೀಕ್ಷಣೆಯ ಅರ್ಜಿಯನ್ನು ಕೇಳಿ ವಜಾ ಮಾಡಿದ ಮೇಲೆ ಕೆಳಗಿನ ನಿರ್ಣಯವು ಉಚ್ಚ ನ್ಯಾಯಾಲಯದ ಆಜ್ಞೆಯಲ್ಲಿ ವಿಲೀನವಾಗುತ್ತದೆ, ಅದನ್ನೇ ಮತ್ತೆ ರಿಟ್ ಅರ್ಜಿಯಿಂದ ಪ್ರಶ್ನಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ೧೯೬೯ರಲ್ಲಿ ಹೇಳಿದೆ. ಇನ್ನೊಂದು ಕಡೆ, ೧೯೬೧ರ ದರಿಯಾವ್ ಮೊಕದ್ದಮೆಯಲ್ಲಿ, ಕಾರಣ ಹೇಳದೆ ಆರಂಭದಲ್ಲಿಯೇ ವಜಾ ಮಾಡಿದ ಆಜ್ಞೆಯು ಮುಂದಿನ ಅರ್ಜಿಗೆ ಅಡ್ಡಿಯಾಗದೆಂದು ಹೇಳಿದ್ದಿತು. ೨೦೦೦ದ ಕುಂಞಯಮ್ಮದ್ ಮೊಕದ್ದಮೆಯಲ್ಲಿ, ವಿಶೇಷ ಅನುಮತಿಯನ್ನು ಕೊಡಲು ಸರ್ವೋಚ್ಚ ನ್ಯಾಯಾಲಯವು ನಿರಾಕರಿಸಿದ ಮಾತ್ರಕ್ಕೆ ಕೆಳಗಿನ ತೀರ್ಪು ಅದರಲ್ಲಿ ವಿಲೀನವಾಗದೆಂದು ವಿವರಿಸಿತು. ಆದರೆ ಈ ವಿಲೀನದ ವಾದವೆಲ್ಲ ಪಕ್ಷಗಾರರ ನಡುವಣ ವ್ಯಾಜ್ಯಕ್ಕೆ ಒಂದು ಕೊನೆ ಕಾಣಿಸುವುದಕ್ಕಾಗಿ ಹುಟ್ಟಿದ್ದು. ಜಗಳವು ಎಲ್ಲಿಯಾದರೂ ನಿಲ್ಲಬೇಕೆಂಬುದು ನ್ಯಾಯಾಲಯದ ಅಗತ್ಯ. ನಿಂತ ಜಾಗವೇ ಸತ್ಯವೆಂದು ನಂಬುವ ಅಗತ್ಯ ಇತಿಹಾಸಕಾರನಿಗಿಲ್ಲ. ಸೋತವನ ಪಾಲಿಗೆ ಮಾತ್ರ ನಿರಾಕರಣೆಯು ನಿರ್ಣಯದಷ್ಟೇ ಕಠಿನ. ಮನೆಯಾಗಲಿ ಹೊಲವಾಗಲಿ ಹೋದ ಮೇಲೆ ಆಜ್ಞೆಯ ಪ್ರಮಾಣಬಲ ಎಷ್ಟೆಂಬ ವಿವೇಚನೆ ಅವನಿಗೆ ಸಮಾಧಾನ ಕೊಡದು. ಪರಿಣಾಮದಲ್ಲಿ ನಿರ್ಣಯ, ಪ್ರಮಾಣದಲ್ಲಿ ಮೌನ: ನಿರಾಕರಣೆಯ ಈ ಎರಡು ಗುಣಗಳನ್ನು ಬೇರೆ ಬೇರೆಯಾಗಿ ದಾಖಲಿಸುವುದೇ ನಮ್ಮ ಕೆಲಸ.

ಆದುದರಿಂದ ನಮ್ಮ ಸೂಚನೆ ಸರಳವಾದುದು. ವಿದ್ಯಾರ್ಥಿಯು ಉಚ್ಚ ನ್ಯಾಯಾಲಯದ ಯಾವುದೇ ನಿರಾಕರಣೆಯನ್ನು ಉಲ್ಲೇಖಿಸುವ ಮುಂಚೆ ಮೂರು ಸಂಗತಿಗಳನ್ನು ಬರೆದುಕೊಳ್ಳಲಿ. ಒಂದನೆಯದು, ಬಂದ ಅರ್ಜಿ ಯಾವ ಬಗೆಯದು: ಅಪೀಲೋ, ಪುನರೀಕ್ಷಣೆಯೋ, ರಿಟ್ಟೋ. ಎರಡನೆಯದು, ಕಾರಣಗಳನ್ನು ಹೇಳಿ ವಜಾ ಮಾಡಲಾಯಿತೋ, ಹೇಳದೆಯೋ. ಮೂರನೆಯದು, ಸೋತವರು ಮುಂದಕ್ಕೆ ಹೋಗದಿದ್ದುದು ಒಪ್ಪಿಯೋ, ಹಣವಿಲ್ಲದೆಯೋ. ಮೊದಲನೆಯ ಎರಡಕ್ಕೆ ಆಜ್ಞೆಯ ಪ್ರತಿಯೇ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ತಾಲೂಕಿನ ನ್ಯಾಯಾಲಯದ ಕಡತವನ್ನೂ ಆ ಮನೆತನಗಳ ಕಾಗದಗಳನ್ನೂ ನೋಡಬೇಕು. ಬದುಕಿರುವವರ ಬಾಯಿಂದ ಕೇಳಬೇಕು. ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಗೊಳಿಸುವುದಕ್ಕೆ ೧೯೧೭ರ ಕಾಯಿದೆಯ ಕಾಲದಿಂದಲೂ ನಿಯಮಗಳಿವೆ. ವರದಿಯಾದ ತೀರ್ಪು ಎಲ್ಲ ಗ್ರಂಥಾಲಯಗಳಲ್ಲಿಯೂ ಉಳಿಯುತ್ತದೆ; ಮ್ಯಾಜಿಸ್ಟ್ರೇಟರ ಮುಂದೆ ನೌಕರನು ಕೊಟ್ಟ ಹೇಳಿಕೆಯು ಒಂದೇ ಒಂದು ಪ್ರತಿಯಲ್ಲಿ, ಒಂದೇ ಒಂದು ಕಪಾಟಿನಲ್ಲಿ ಇರುತ್ತದೆ. ಗೋಕಾಕ, ಹುಕ್ಕೇರಿಗಳ ಕಾಲೇಜುಗಳಲ್ಲಿ ಇತಿಹಾಸ ಕಲಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು, ಅನುಮತಿ ಪಡೆದು, ಆ ಕಪಾಟುಗಳ ಬಳಿಗೆ ಕರೆದೊಯ್ಯಬೇಕಾದ ಕಾಲ ಇದು. ಜಲಪಾತದ ಗಿರಣಿಯ ಮನೆಗಳ ಇತಿಹಾಸವನ್ನು ಬರೆಯುವುದಾದರೆ ಅಲ್ಲಿಂದಲೇ ಬರೆಯಬೇಕು.